ಮೇಲ್ದವಡೆಯ ಆಪರೇಷನ್: ಮುಖದ ಜೋಮು ಎಷ್ಟು ದಿನ, ಮಾಡಿಸಿಕೊಂಡವರ ಸಮಾಧಾನ ಎಷ್ಟು?

ಹಲ್ಲು ತುಂಬಾ ಮುಂದೆ ಬಂದಿರುವುದು, ನಕ್ಕರೆ ವಸಡು ಪೂರ್ತಿ ಕಾಣುವುದು, ಮೇಲ್ದವಡೆ ಒಳಗೆ ಸರಿದು ಕೆಳದವಡೆ ಮಾತ್ರ ಮುಂದೆ ಕಾಣುವುದು, ಎದುರಿನ ಹಲ್ಲುಗಳು ಒಂದಕ್ಕೊಂದು ತಾಗದೆ ಪತ್ತಿರ್ ಕಚ್ಚಲೂ ಆಗದಿರುವುದು. ಇಂಥ ತೊಂದರೆ ಇರುವ ಯುವಕ ಯುವತಿಯರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಕೆಲವರಿಗೆ ಹಲ್ಲಿಗೆ ಕ್ಲಿಪ್ ಹಾಕಿಸಿದರೆ ಸಾಕು. ತೊಂದರೆ ಎಲುಬಿನಲ್ಲೇ ಇದ್ದರೆ ಕ್ಲಿಪ್ ಒಂದರಿಂದ ಸರಿಯಾಗುವುದಿಲ್ಲ, ದವಡೆಯ ಆಪರೇಷನ್ ಬೇಕಾಗುತ್ತದೆ. ಕಾಸರಗೋಡು, ಮಂಜೇಶ್ವರ, ಉಪ್ಪಳ ಕಡೆಯವರಿಗೆ ಗಡಿ ದಾಟಿದರೆ ದೇರಳಕಟ್ಟೆ ಮತ್ತು ಮಂಗಳೂರಿನ ದಂತ ವೈದ್ಯಕೀಯ ಕಾಲೇಜುಗಳು ಹತ್ತಿರ. ಜಿಲ್ಲೆಯೊಳಗೆ ಪೊಯಿನಾಚಿಯಲ್ಲೂ ದಂತ ವೈದ್ಯಕೀಯ ಕಾಲೇಜು ಉಂಟು.

ವೈದ್ಯರ ಮುಂದೆ ಕೂತಾಗ ಮನೆಯವರು ಸಾಮಾನ್ಯವಾಗಿ ಕೇಳುವುದು ಖರ್ಚು ಎಷ್ಟು, ಎಷ್ಟು ದಿನ ಮಲಗಬೇಕು, ಮುಖ ಚಂದ ಆಗುತ್ತದಾ ಅಂತ. ಆಪರೇಷನ್ ಮುಗಿದ ಮಾರನೇ ದಿನ ಕನ್ನಡಿಯ ಮುಂದೆ ನಿಂತವರನ್ನು ಗಾಬರಿಪಡಿಸುವುದು ಬೇರೆಯೇ ವಿಷಯ. ಕೆನ್ನೆ, ಮೂಗಿನ ಬದಿ, ಮೇಲ್ತುಟಿ ಯಾವುದೂ ತನ್ನದಲ್ಲವೆಂಬಂತೆ ಮರಗಟ್ಟಿರುತ್ತದೆ. ಈ ಜೋಮು ಏಕೆ ಬರುತ್ತದೆ, ಯಾವಾಗ ಹೋಗುತ್ತದೆ, ಪೂರ್ತಿ ಹೋಗದಿದ್ದರೂ ಹೆಚ್ಚಿನವರು ಆಪರೇಷನ್ ಮಾಡಿಸಿಕೊಂಡದ್ದು ಒಳ್ಳೆಯದಾಯಿತು ಅನ್ನುವುದೇಕೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಏನಿದು ಲೆ ಫೋರ್ಟ್-1 ಆಪರೇಷನ್?

ಮೇಲ್ದವಡೆ ಸರಿಪಡಿಸುವ ಸಾಮಾನ್ಯ ಶಸ್ತ್ರಚಿಕಿತ್ಸೆಯ ಹೆಸರು ಲೆ ಫೋರ್ಟ್-1 ಆಸ್ಟಿಯಾಟಮಿ. ರೆನೆ ಲೆ ಫೋರ್ಟ್ ಫ್ರಾನ್ಸಿನ ಶಸ್ತ್ರವೈದ್ಯ. ಶವಗಳ ತಲೆಗೆ ಪೆಟ್ಟು ಕೊಟ್ಟು ಮುಖದ ಎಲುಬು ಯಾವ ಗೆರೆಗಳಲ್ಲಿ ಮುರಿಯುತ್ತದೆ ಎಂದು ಪರೀಕ್ಷಿಸಿ 1901ರಲ್ಲಿ ಅವರು ಮೂರು ಬಗೆಯ ಮುರಿತಗಳನ್ನು ವಿವರಿಸಿದರು. ಅದರಲ್ಲಿ ಮೊದಲನೆಯದು ಮೇಲಿನ ಹಲ್ಲಿನ ಸಾಲಿಗಿಂತ ಸ್ವಲ್ಪ ಮೇಲೆ ಅಡ್ಡಲಾಗಿ ಹೋಗುವ ಮುರಿತ. ಅದೇ ಗೆರೆಯಲ್ಲಿ ವೈದ್ಯರು ಬೇಕೆಂದೇ ಎಲುಬು ಕತ್ತರಿಸುವುದರಿಂದ ಆಪರೇಷನ್ನಿಗೂ ಅದೇ ಹೆಸರು ಬಂತು.

ದವಡೆಯ ವಿಕಾರ ಸರಿಪಡಿಸಲು ಇದನ್ನು 1927ರಲ್ಲಿ ಜರ್ಮನಿಯ ಮಾರ್ಟಿನ್ ವಾಸ್‌ಮುಂಡ್ ಬಳಸಿದರು. 1960ರ ದಶಕದಲ್ಲಿ ಜ್ಯೂರಿಕ್‌ನ ಹ್ಯೂಗೊ ಓಬ್‌ವೆಗೆಸರ್ ಮೇಲ್ದವಡೆಯನ್ನು ಪೂರ್ತಿ ಸಡಿಲಿಸಿ ಬೇಕಾದ ಜಾಗಕ್ಕೆ ತರುವ ಕ್ರಮವನ್ನು ಬೆಳೆಸಿದರು. ಎಲುಬನ್ನು ಅಷ್ಟು ಸಡಿಲಿಸಿದರೆ ಅದು ರಕ್ತವಿಲ್ಲದೆ ಸಾಯುವುದಿಲ್ಲವೇ ಎಂಬ ಭಯ ಆಗ ಇತ್ತು. ಅಂಗುಳ ಮತ್ತು ವಸಡಿನ ಮಾಂಸದ ಮೂಲಕ ರಕ್ತ ಹರಿಯುತ್ತಲೇ ಇರುತ್ತದೆ ಎಂದು ಅಮೆರಿಕದ ವಿಲಿಯಂ ಬೆಲ್ ತೋರಿಸಿಕೊಟ್ಟ ನಂತರ ಈ ಆಪರೇಷನ್ ಜಗತ್ತಿನಾದ್ಯಂತ ಹರಡಿತು.

ಇಡೀ ಕೆಲಸ ಬಾಯಿಯ ಒಳಗಿನಿಂದಲೇ ನಡೆಯುತ್ತದೆ. ಪೂರ್ತಿ ಅರಿವಳಿಕೆ ಕೊಟ್ಟು, ಮೇಲ್ತುಟಿಯನ್ನು ಎತ್ತಿ, ವಸಡಿನ ಮೇಲ್ಭಾಗದಲ್ಲಿ ಒಂದು ಬದಿಯ ದವಡೆ ಹಲ್ಲಿನಿಂದ ಇನ್ನೊಂದು ಬದಿಯ ದವಡೆ ಹಲ್ಲಿನವರೆಗೆ ಕೊಯ್ಯುತ್ತಾರೆ. ಹಲ್ಲಿನ ಬೇರುಗಳಿಗೆ ತಾಗದಂತೆ ಅವುಗಳಿಗಿಂತ ಮೇಲೆ ಎಲುಬನ್ನು ಕತ್ತರಿಸಿ, ಮೇಲ್ದವಡೆಯನ್ನು ಬಿಡಿಸಿ, ಮೊದಲೇ ಲೆಕ್ಕ ಹಾಕಿಟ್ಟ ಜಾಗಕ್ಕೆ ಸರಿಸುತ್ತಾರೆ. ಮುಂದಕ್ಕೆ ತರಬಹುದು, ಮೇಲಕ್ಕೆ ಏರಿಸಬಹುದು, ಓರೆಯಾಗಿದ್ದರೆ ನೇರ ಮಾಡಬಹುದು. ಸಾಮಾನ್ಯವಾಗಿ ನಾಲ್ಕು ಚಿಕ್ಕ ಟೈಟಾನಿಯಂ ಪ್ಲೇಟ್‌ಗಳನ್ನು ಸ್ಕ್ರೂ ಹಾಕಿ ಕೂರಿಸುತ್ತಾರೆ. ಮುಖದ ಹೊರಗೆ ಗಾಯದ ಗುರುತು ಉಳಿಯುವುದಿಲ್ಲ.

ಬೆಳವಣಿಗೆ ನಿಂತ ಮೇಲೆಯೇ ಇದನ್ನು ಮಾಡುವುದು ವಾಡಿಕೆ. ಹುಡುಗಿಯರಿಗೆ ಸುಮಾರು 16-17, ಹುಡುಗರಿಗೆ 18 ಅಥವಾ ಅದರ ನಂತರ. ಆಪರೇಷನ್‌ಗೆ ಮೊದಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಕ್ಲಿಪ್, ನಂತರವೂ ಕೆಲವು ತಿಂಗಳು ಕ್ಲಿಪ್ ಇರುತ್ತದೆ. ಗಲ್ಫಿನಿಂದ ಒಂದೂವರೆ ತಿಂಗಳ ರಜೆಯಲ್ಲಿ ಬಂದು ಎಲ್ಲವನ್ನೂ ಮುಗಿಸಿ ಹೋಗುತ್ತೇನೆ ಅಂದರೆ ಆಗದು. ಮದುವೆ ದಿನ ನಿಗದಿಯಾದ ಮೇಲೆ ಓಡಿ ಬಂದರೂ ಆಗದು.

ಜೋಮು ಬರುವುದು ಏಕೆ?

ಮುಖದ ಸ್ಪರ್ಶ, ನೋವು, ಬಿಸಿ, ತಂಪು ತಿಳಿಸುವುದು ಟ್ರೈಜೆಮಿನಲ್ ಎಂಬ ನರ. ಅದಕ್ಕೆ ಮೂರು ಕವಲು. ನಡುವಿನ ಕವಲಿನಿಂದ ಮುಂದುವರಿಯುವ ಇನ್‌ಫ್ರಾಆರ್ಬಿಟಲ್ ನರ ಕಣ್ಣಿನ ಗುಳಿಯ ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಕೆಳಗೆ, ಎಲುಬಿನ ಒಂದು ತೂತಿನಿಂದ ಹೊರಬರುತ್ತದೆ. ಕೆಳರೆಪ್ಪೆ, ಕೆನ್ನೆಯ ಮುಂಭಾಗ, ಮೂಗಿನ ಬದಿ, ಮೇಲ್ತುಟಿ ಇವೆಲ್ಲ ಅದರ ವ್ಯಾಪ್ತಿ. ಆಪರೇಷನ್ ವೇಳೆ ಈ ನರವನ್ನು ಕತ್ತರಿಸುವುದಿಲ್ಲ. ಆದರೆ ಎಲುಬು ಕಾಣುವಂತೆ ಕೆನ್ನೆಯ ಮಾಂಸವನ್ನು ಮೇಲಕ್ಕೆ ಎತ್ತಿ ಹಿಡಿಯಬೇಕಾಗುತ್ತದೆ. ಆಗ ನರ ಎಳೆಯಲ್ಪಡುತ್ತದೆ, ಒತ್ತಲ್ಪಡುತ್ತದೆ. ನಂತರ ಬರುವ ಬಾವು ಮತ್ತಷ್ಟು ಒತ್ತುತ್ತದೆ.

ಹಲ್ಲು ಮತ್ತು ವಸಡಿನ ಕಥೆ ಬೇರೆ. ಅಲ್ಲಿಗೆ ಹೋಗುವ ತೆಳ್ಳಗಿನ ನರಗಳು ಎಲುಬಿನ ಒಳಗೇ ಹಾದುಹೋಗುತ್ತವೆ. ಎಲುಬು ಕತ್ತರಿಸುವಾಗ ಅವೂ ತುಂಡಾಗುತ್ತವೆ. ಅಂಗುಳಿನ ನರಗಳಿಗೂ ಎಳೆತ ಅಥವಾ ಪೆಟ್ಟು ಆಗಬಹುದು. ಹಾಗಾಗಿ ಮೇಲಿನ ಹಲ್ಲು, ವಸಡು ಮತ್ತು ಅಂಗುಳಿನ ಜೋಮು ಕೆನ್ನೆ ತುಟಿಯ ಜೋಮಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಮುಖ ಮರಗಟ್ಟಿದೆ ಅಂದರೆ ಪಾರ್ಶ್ವವಾಯು ಆಯಿತು ಅಂತಲ್ಲ. ಮುಖವನ್ನು ಅಲುಗಾಡಿಸುವ, ನಗಿಸುವ, ಕಣ್ಣು ಮುಚ್ಚಿಸುವ ನರ ಬೇರೆಯೇ ಇದೆ, ಅದರ ಹೆಸರು ಫೇಶಿಯಲ್ ನರ. ಜೋಮಿದ್ದ ತುಟಿ ಬಾವಿನಿಂದ ಬಿಗಿಯಾದಂತೆ ಅನ್ನಿಸಿದರೂ ಅಲುಗಾಡುತ್ತದೆ. ಮುಖದ ಒಂದು ಬದಿ ಅಲುಗಾಡುವುದೇ ಇಲ್ಲ ಎಂದಾದರೆ ಅದು ಬೇರೆ ವಿಷಯ, ತಕ್ಷಣ ವೈದ್ಯರಿಗೆ ತಿಳಿಸಬೇಕು.

ಯಾವಾಗ ಹೋಗುತ್ತದೆ?

ನರಕ್ಕಾದ ಪೆಟ್ಟನ್ನು 1943ರಲ್ಲಿ ಬ್ರಿಟನ್ನಿನ ಹರ್ಬರ್ಟ್ ಸೆಡ್ಡನ್ ಮೂರು ದರ್ಜೆಗಳಾಗಿ ವಿಂಗಡಿಸಿದರು. ಮೊದಲ ದರ್ಜೆಯಲ್ಲಿ ನರ ಎಲ್ಲೂ ತುಂಡಾಗಿರುವುದಿಲ್ಲ, ಸಂದೇಶ ಮಾತ್ರ ನಿಂತಿರುತ್ತದೆ. ಇದು ದಿನಗಳಿಂದ ವಾರಗಳಲ್ಲಿ ಸರಿಯಾಗುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆಗಳು ತುಂಡಾಗಿ ಹೊರಗಿನ ಕವಚ ಉಳಿದಿರುತ್ತದೆ. ಎಳೆಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಮತ್ತೆ ಬೆಳೆಯಬೇಕು, ಇದಕ್ಕೆ ತಿಂಗಳುಗಳೇ ಬೇಕು. ಮೂರನೆಯದರಲ್ಲಿ ನರ ಪೂರ್ತಿ ತುಂಡಾಗಿರುತ್ತದೆ, ತಾನಾಗಿ ಸರಿಯಾಗುವುದು ಕಷ್ಟ. ಲೆ ಫೋರ್ಟ್-1 ನಂತರ ಕೆನ್ನೆ ಮತ್ತು ತುಟಿಯ ನರಕ್ಕಾಗುವ ಪೆಟ್ಟು ಹೆಚ್ಚಾಗಿ ಮೊದಲ ಎರಡು ದರ್ಜೆಗಳದ್ದು.

ಹಾಗಾಗಿ ಮೊದಲ ದಿನಗಳಲ್ಲಿ ಜೋಮು ಬಹುತೇಕ ಎಲ್ಲರಿಗೂ ಇರುತ್ತದೆ. ಕೆನ್ನೆ ಮತ್ತು ಮೇಲ್ತುಟಿಯಲ್ಲಿ ಕೆಲವು ವಾರಗಳಿಂದ ತಿಂಗಳುಗಳೊಳಗೆ ಸ್ಪರ್ಶ ಮರಳುತ್ತದೆ. ವಸಡು ಮತ್ತು ಅಂಗುಳಿಗೆ ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕಾಗಬಹುದು. ಕೆಲವರಿಗೆ ಅಲ್ಲಲ್ಲಿ ಸಣ್ಣ ಜೋಮು ಶಾಶ್ವತವಾಗಿ ಉಳಿಯುವುದೂ ಉಂಟು. ವಯಸ್ಸು ಹೆಚ್ಚಾದಷ್ಟು ಚೇತರಿಕೆ ನಿಧಾನ. ಮೇಲಿನದ್ದರ ಜೊತೆಗೆ ಕೆಳದವಡೆಯನ್ನೂ ಸೀಳಿ ಸರಿಸಿದರೆ ಕೆಳತುಟಿ ಮತ್ತು ಗಲ್ಲದ ಜೋಮಿನ ಅಪಾಯವೂ ಸೇರುತ್ತದೆ. ಕೆಳದವಡೆಯ ನರ ಎಲುಬಿನ ಒಳಗೇ ಹಾದುಹೋಗುವುದರಿಂದ ಅಲ್ಲಿ ಶಾಶ್ವತ ಜೋಮು ಉಳಿಯುವ ಸಾಧ್ಯತೆ ಮೇಲ್ದವಡೆಗಿಂತ ಜಾಸ್ತಿ. "ದವಡೆ ಆಪರೇಷನ್ ಮಾಡಿಸಿದ ನನ್ನ ಸಂಬಂಧಿಗೆ ಇನ್ನೂ ಜೋಮಿದೆ" ಅಂತ ಯಾರಾದರೂ ಹೇಳಿದರೆ, ಅದು ಮೇಲಿನದ್ದೋ ಕೆಳಗಿನದ್ದೋ ಎಂದು ಕೇಳಿ ತಿಳಿದುಕೊಳ್ಳಬೇಕು.

ಸ್ಪರ್ಶ ಮರಳುವಾಗ ಜುಮ್ ಅನ್ನುವುದು, ಇರುವೆ ಹರಿದಂತೆ ಆಗುವುದು, ಆಗಾಗ ಸಣ್ಣ ಕರೆಂಟ್ ಹೊಡೆದಂತೆ ಆಗುವುದು ಇರುತ್ತದೆ. ಇದಕ್ಕೆ ಹೆದರಬೇಕಿಲ್ಲ, ನರ ಎಚ್ಚರಗೊಳ್ಳುತ್ತಿರುವ ಲಕ್ಷಣ. ಆದರೆ ಗಾಳಿ ತಾಗಿದರೂ ಉರಿ, ದಿನಗಟ್ಟಲೆ ಬಿಡದ ಚುಚ್ಚು ನೋವು ಇದ್ದರೆ ಸಹಿಸಿಕೊಂಡು ಕೂರಬಾರದು. ನರದ ನೋವಿಗೆ ಬೇರೆ ಔಷಧಗಳಿವೆ, ಬೇಗ ತೋರಿಸಿದಷ್ಟು ಒಳ್ಳೆಯದು.

ಹಲ್ಲು ಸತ್ತಿಲ್ಲ, ರೂಟ್ ಕೆನಾಲ್‌ಗೆ ಅವಸರ ಬೇಡ

ಆಪರೇಷನ್ ಆದ ಆರೇಳು ತಿಂಗಳ ನಂತರ ಬೇರೆ ಯಾವುದೋ ಕ್ಲಿನಿಕ್‌ಗೆ ಹೋದಾಗ, ದಂತವೈದ್ಯರು ಹಲ್ಲಿಗೆ ತಂಪು ಅಥವಾ ಕರೆಂಟ್ ಪರೀಕ್ಷೆ ಮಾಡಿದರೆ ಮೇಲಿನ ಹಲ್ಲು ಏನೂ ಉತ್ತರ ಕೊಡದಿರಬಹುದು. ಆ ಪರೀಕ್ಷೆ ಅಳೆಯುವುದು ನರದ ಸಂವೇದನೆಯನ್ನು, ರಕ್ತಸಂಚಾರವನ್ನಲ್ಲ. ನರ ತುಂಡಾಗಿದ್ದರೂ ರಕ್ತ ಹರಿಯುತ್ತಿದ್ದರೆ ಹಲ್ಲು ಜೀವಂತವೇ. ಬಣ್ಣ ಕಪ್ಪಾಗುವುದು, ಕೀವು, ಎಕ್ಸ್‌ರೇಯಲ್ಲಿ ಬೇರಿನ ತುದಿಯಲ್ಲಿ ಕಲೆ ಇಂಥ ಬೇರೆ ಲಕ್ಷಣ ಇಲ್ಲದಿದ್ದರೆ ಅದೊಂದೇ ಕಾರಣಕ್ಕೆ ರೂಟ್ ಕೆನಾಲ್ ಮಾಡಿಸುವ ಅಗತ್ಯವಿಲ್ಲ. ಲೆ ಫೋರ್ಟ್ ಆಪರೇಷನ್ ಆಗಿದೆ ಎಂದು ಯಾವ ದಂತವೈದ್ಯರಲ್ಲಿ ಹೋದರೂ ಮೊದಲೇ ಹೇಳಬೇಕು.

ಜೋಮಿದ್ದರೂ ಸಮಾಧಾನ ಏಕೆ?

ಜೋಮನ್ನು ವೈದ್ಯರು ಎರಡು ರೀತಿಯಲ್ಲಿ ಅಳೆಯುತ್ತಾರೆ. ಒಂದು, ಪರೀಕ್ಷೆ. ಹತ್ತಿಯ ಎಳೆ ತಾಗಿಸುವುದು, ಸೂಜಿಮೊನೆ, ಬೇರೆ ಬೇರೆ ದಪ್ಪದ ನೈಲಾನ್ ಎಳೆ, ಎರಡು ಬಿಂದುಗಳನ್ನು ಬೇರೆಯಾಗಿ ಗುರುತಿಸಲು ಆಗುತ್ತದಾ ಎಂದು ನೋಡುವುದು. ಎರಡು, ರೋಗಿಯ ಮಾತು. ಎರಡೂ ಒಂದೇ ಇರಬೇಕೆಂದಿಲ್ಲ. ಪರೀಕ್ಷೆಯಲ್ಲಿ ಸ್ಪರ್ಶ ಕಡಿಮೆ ಕಂಡರೂ ಕೆಲವರಿಗೆ ಅದರ ಪರಿವೆಯೇ ಇರುವುದಿಲ್ಲ. ಪರೀಕ್ಷೆಯಲ್ಲಿ ಎಲ್ಲ ಸರಿ ಇದ್ದರೂ ಇನ್ನು ಕೆಲವರಿಗೆ ಏನೋ ಒಂದು ಹಾಗೆಯೇ ಉಳಿದಿದೆ ಅನ್ನಿಸುತ್ತದೆ.

ಸಮಾಧಾನವನ್ನು ಅಳೆಯಲೂ ಪ್ರಶ್ನಾವಳಿಗಳಿವೆ. ಲಂಡನ್ನಿನಲ್ಲಿ ಸೂಸನ್ ಕನಿಂಗ್‌ಹ್ಯಾಮ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 22 ಹೇಳಿಕೆಗಳಿವೆ. ಮುಖದ ರೂಪ, ಅಗಿಯುವುದು ಮತ್ತು ಕಚ್ಚುವುದು, ತನ್ನ ಮುಖದ ಬಗ್ಗೆ ಸದಾ ಯೋಚಿಸುವುದು, ಜನರ ನಡುವೆ ಬೆರೆಯುವುದು ಎಂಬ ನಾಲ್ಕು ವಿಷಯಗಳಲ್ಲಿ ರೋಗಿ ಅಂಕ ಕೊಡಬೇಕು. ಬೇರೆ ಬೇರೆ ದೇಶಗಳಲ್ಲಿ ಇಂಥ ಪ್ರಶ್ನಾವಳಿಗಳಿಂದ ನಡೆದ ಅಧ್ಯಯನಗಳು ಬಹುಮಟ್ಟಿಗೆ ಒಂದೇ ಮಾತು ಹೇಳುತ್ತವೆ: ದವಡೆಯ ಆಪರೇಷನ್ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ತೃಪ್ತರು. ಸ್ವಲ್ಪ ಜೋಮು ಉಳಿದವರಲ್ಲೂ ಬಹಳಷ್ಟು ಮಂದಿ ಮತ್ತೆ ಅವಕಾಶ ಸಿಕ್ಕರೂ ಇದನ್ನೇ ಮಾಡಿಸಿಕೊಳ್ಳುತ್ತೇವೆ ಅನ್ನುತ್ತಾರೆ. ಸರಿಯಾಗಿ ಅಗಿಯಲು ಆಗುವುದು, ಫೋಟೊದಲ್ಲಿ ಬಾಯಿಗೆ ಕೈ ಅಡ್ಡ ಹಿಡಿಯದೆ ನಗುವುದು ಅವರಿಗೆ ಜೋಮಿಗಿಂತ ದೊಡ್ಡದು.

ಹಾಗಾದರೆ ಅತೃಪ್ತಿ ಯಾರಿಗೆ? ಮೊದಲನೆಯದಾಗಿ, ಜೋಮಿನ ಬಗ್ಗೆ ಯಾರೂ ಮುಂಚಿತವಾಗಿ ಹೇಳದಿದ್ದವರಿಗೆ. ಮೊದಲೇ ತಿಳಿದಿದ್ದ ತೊಂದರೆ ಸಹಿಸಲು ಸುಲಭ. ಅದೇ ತೊಂದರೆ ದಿಢೀರನೆ ಎದುರಾದರೆ ಮೋಸಹೋದಂತೆ ಅನ್ನಿಸುತ್ತದೆ. ಎರಡನೆಯದಾಗಿ, ತಮಗಾಗಿ ಅಲ್ಲದೆ ಬೇರೆಯವರ ಒತ್ತಾಯಕ್ಕೆ ಮಾಡಿಸಿಕೊಂಡವರಿಗೆ. ಹುಡುಗಿ ನೋಡಲು ಬಂದವರು ಹಲ್ಲಿನ ಬಗ್ಗೆ ಏನೋ ಅಂದರು ಅಂತ ಮನೆಯವರೇ ತೀರ್ಮಾನಿಸಿ ಆಪರೇಷನ್ ಟೇಬಲ್ಲಿಗೆ ಕಳಿಸಿದರೆ, ನಂತರ ಉಳಿಯುವ ಪ್ರತಿ ಸಣ್ಣ ಜೋಮು ಅವಳಿಗೆ ಆ ಮಾತನ್ನೇ ನೆನಪಿಸುತ್ತದೆ. ಮೂರನೆಯದಾಗಿ, ದವಡೆ ಸರಿಯಾದರೆ ಬದುಕಿನ ಎಲ್ಲ ತೊಂದರೆಯೂ ಸರಿಯಾಗುತ್ತದೆ ಎಂದು ನಂಬಿದವರಿಗೆ.

ಮೊದಲ ಕೆಲವು ವಾರ ಮನಸ್ಸು ಕುಗ್ಗುವುದು ಸಾಮಾನ್ಯ. ಬಾವು ಮೊದಲ ಎರಡು ಮೂರು ದಿನಗಳಲ್ಲಿ ಅತಿ ಹೆಚ್ಚು. ನಿದ್ದೆ ಕಡಿಮೆ, ಊಟ ನೀರಿನಂಥದ್ದು, ಕನ್ನಡಿಯಲ್ಲಿ ಕಾಣುವುದು ಪರಿಚಯವಿಲ್ಲದ ಮುಖ. ಆ ಹೊತ್ತಿಗೆ ನೋಡಲು ಬರುವ ಬಂಧುಗಳು "ಯಾ ಅಲ್ಲಾಹ್, ಗುರುತೇ ಸಿಗುವುದಿಲ್ಲ" ಅಂದುಬಿಟ್ಟರೆ ಅದು ಮನಸ್ಸಿಗೆ ನಾಟುತ್ತದೆ. ಮೊದಲ ಎರಡು ವಾರ ಭೇಟಿಗೆ ಬರುವವರನ್ನು ಮನೆಯವರೇ ನಯವಾಗಿ ಕಡಿಮೆ ಮಾಡಿದರೆ ರೋಗಿಗೆ ಉಪಕಾರ. ಮುಖದ ನಿಜವಾದ ರೂಪ ಕಾಣಲು ಹಲವು ತಿಂಗಳು ಬೇಕು. ಮೇಲ್ದವಡೆ ಮುಂದೆ ಬಂದಾಗ ಮೂಗಿನ ಬುಡ ಸ್ವಲ್ಪ ಅಗಲವಾಗಬಹುದು, ತುದಿ ಸ್ವಲ್ಪ ಏರಬಹುದು. ಇದನ್ನೂ ಮೊದಲೇ ಕೇಳಿ ತಿಳಿದಿರಬೇಕು.

ಸೀಳುತುಟಿ ಇದ್ದವರಿಗೆ ವಿಶೇಷ

ಹುಟ್ಟಿನಿಂದ ಸೀಳುತುಟಿ, ಸೀಳಂಗುಳ ಇದ್ದು ಚಿಕ್ಕಂದಿನಲ್ಲಿ ಆಪರೇಷನ್ ಆದ ಮಕ್ಕಳಲ್ಲಿ ಹಲವರಿಗೆ ಮೇಲ್ದವಡೆ ಸಾಕಷ್ಟು ಬೆಳೆಯುವುದಿಲ್ಲ. ದೊಡ್ಡವರಾದ ಮೇಲೆ ಅವರಿಗೆ ಇದೇ ಆಪರೇಷನ್ ಬೇಕಾಗುತ್ತದೆ. ಹಳೆಯ ಗಾಯದ ಗಟ್ಟಿ ಮಾಂಸದಿಂದ ದವಡೆ ಸರಿಸುವುದು ಕಷ್ಟ, ಮರಳಿ ಹಿಂದೆ ಸರಿಯುವ ಸಾಧ್ಯತೆಯೂ ಹೆಚ್ಚು. ದವಡೆ ಮುಂದೆ ಬಂದಾಗ ಕೆಲವರ ಮಾತು ಮೂಗಿನಿಂದ ಬಂದಂತೆ ಆಗಬಹುದು. ಹಾಗಾಗಿ ಮೊದಲೇ ಮಾತಿನ ಪರೀಕ್ಷೆ ಮಾಡಿಸಬೇಕು. ಸೀಳುತುಟಿ ಚಿಕಿತ್ಸೆಗೆ ಸ್ಮೈಲ್ ಟ್ರೈನ್ ಸಂಸ್ಥೆ ಸಹಭಾಗಿ ಆಸ್ಪತ್ರೆಗಳ ಮೂಲಕ ನೆರವು ಕೊಡುತ್ತದೆ. ದವಡೆಯ ಆಪರೇಷನ್ನಿಗೆ ಆ ನೆರವು ಅಥವಾ ಸರಕಾರಿ ಆರೋಗ್ಯ ಕಾರ್ಡ್ ಅನ್ವಯಿಸುತ್ತದೆಯೇ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು.

ಜೋಮಿರುವಾಗ ಮನೆಯಲ್ಲಿ ಎಚ್ಚರಿಕೆ

ಮರಗಟ್ಟಿದ ಜಾಗಕ್ಕೆ ಸುಟ್ಟರೂ ತಿಳಿಯದು. ಸುಲೈಮಾನಿ ಚಹಾ, ಗಂಜಿ, ಸೂಪ್ ಯಾವುದನ್ನೇ ಆಗಲಿ ಬೆರಳಲ್ಲಿ ಅಥವಾ ಕೆಳತುಟಿಯಲ್ಲಿ ಬಿಸಿ ನೋಡಿ ಕುಡಿಯಬೇಕು. ಮುಖಕ್ಕೆ ಬಿಸಿನೀರಿನ ಅಥವಾ ಮಂಜುಗಡ್ಡೆಯ ಶಾಖವನ್ನು ನೇರವಾಗಿ ಕೊಡಬಾರದು, ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಮಾತ್ರ. ಮೆತ್ತಗಿನ ಆಹಾರ ಶುರುವಾದ ಮೇಲೆ ಮೀನಿನ ಮುಳ್ಳಿನ ಬಗ್ಗೆ ಜಾಗ್ರತೆ ಬೇಕು, ಅಂಗುಳಿಗೆ ಚುಚ್ಚಿದರೂ ಗೊತ್ತಾಗದಿರಬಹುದು. ಕೋರಿ ರೊಟ್ಟಿ, ಕಡಲೆ, ಎಲುಬು ಕಡಿಯುವುದು ಸುಮಾರು ಆರು ವಾರ ಬೇಡ. ಗಡ್ಡ ಟ್ರಿಮ್ ಮಾಡುವವರು ಕನ್ನಡಿ ನೋಡಿಕೊಂಡೇ ಮಾಡಬೇಕು.

ವಸಡು ಮರಗಟ್ಟಿರುವಾಗ ಮಿಸ್ವಾಕ್ ಕಡ್ಡಿ ತಾಗಿ ಹೊಲಿಗೆ ಬಿಚ್ಚಿಕೊಳ್ಳಬಹುದು. ವೈದ್ಯರು ಹೇಳುವವರೆಗೆ ಮೆತ್ತಗಿನ ಬ್ರಷ್ ಸಾಕು. ಬೀಡಿ, ಸಿಗರೇಟು, ಗುಟ್ಕಾ ಎಲುಬು ಕೂಡುವುದನ್ನು ತಡೆಯುತ್ತವೆ, ಸೋಂಕನ್ನೂ ಕರೆಯುತ್ತವೆ. ಫುಟ್ಬಾಲ್, ವಾಲಿಬಾಲ್ ಆಟಕ್ಕೆ ವೈದ್ಯರ ಒಪ್ಪಿಗೆ ಸಿಗುವವರೆಗೆ ಕಾಯಬೇಕು.

ಸ್ಪರ್ಶ ಮರುಕಲಿಸುವ ಅಭ್ಯಾಸವೂ ಇದೆ. ಕನ್ನಡಿಯ ಮುಂದೆ ಕೂತು ಮೆತ್ತಗಿನ ಬ್ರಷ್‌ನಿಂದ ಮೊದಲು ಚೆನ್ನಾಗಿ ಸ್ಪರ್ಶ ಇರುವ ಜಾಗ, ನಂತರ ಜೋಮಿನ ಜಾಗ ಸವರುವುದು. ಮೇಲಿನಿಂದ ಕೆಳಗೆ ಹೋಯಿತೋ ಅಡ್ಡ ಹೋಯಿತೋ ಎಂದು ಗಮನಿಸುವುದು. ಮತ್ತೆ ಕಣ್ಣು ಮುಚ್ಚಿ ಅದನ್ನೇ ಮಾಡುವುದು. ಕೆಳದವಡೆಯ ಜೋಮು ಇದ್ದವರ ಮೇಲೆ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಥ ಅಭ್ಯಾಸ ಮಾಡಿದವರಿಗೆ ಜೋಮಿನ ಕಿರಿಕಿರಿ ಕಡಿಮೆ ಅನ್ನಿಸಿತು. ಯಾವಾಗ ಶುರು ಮಾಡಬೇಕೆಂದು ಸರ್ಜನ್ ಹೇಳುತ್ತಾರೆ.

ವುಝೂ, ನಮಾಝ್, ಉಪವಾಸ

ಮೇಲ್ದವಡೆ ಕತ್ತರಿಸುವಾಗ ಮೂಗಿನ ಪಕ್ಕದ ಸೈನಸ್‌ಗಳೂ ತೆರೆದುಕೊಳ್ಳುತ್ತವೆ. ಹಾಗಾಗಿ ಮೊದಲ ಕೆಲವು ವಾರ ಮೂಗು ಸೀಟಬಾರದು, ನೀರನ್ನು ಜೋರಾಗಿ ಎಳೆದು ಹೊರಹಾಕಬಾರದು. ನಮ್ಮ ಕಡೆ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್ಹಬ್‌ನಲ್ಲಿ ಬಾಯಿ ಮುಕ್ಕಳಿಸುವುದೂ ಮೂಗಿಗೆ ನೀರು ಹಾಕುವುದೂ ಸುನ್ನತ್, ಮುಖ ತೊಳೆಯುವುದು ಫರ್ಳ್. ಹೊರಗೆ ಗಾಯವಿಲ್ಲದ ಕಾರಣ ಮುಖ ನಿಧಾನವಾಗಿ ತೊಳೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ತಲೆ ಬಗ್ಗಿಸಿದರೆ ಬಾವು, ರಕ್ತಸ್ರಾವ ಹೆಚ್ಚುವ ಮೊದಲ ದಿನಗಳಲ್ಲಿ ಸುಜೂದ್ ಹೇಗೆ ಮಾಡಬೇಕು ಎಂಬುದನ್ನು ವೈದ್ಯರ ಸಲಹೆಯೊಂದಿಗೆ ಉಸ್ತಾದರಲ್ಲಿ ಕೇಳಬೇಕು. ರೋಗಿಗೆ ಕೂತು ನಮಾಝ್ ಮಾಡುವ ರಿಯಾಯಿತಿ ಉಂಟು. ದ್ರವಾಹಾರದ ವಾರಗಳಲ್ಲಿ ರಮಝಾನ್ ಬಂದರೆ ಉಪವಾಸ ಬಿಟ್ಟು ನಂತರ ಖಳಾ ಮಾಡುವ ಅನುಮತಿಯೂ ಉಂಟು. ಸಾಧ್ಯವಾದರೆ ಆಪರೇಷನ್ ದಿನವನ್ನೇ ಅದಕ್ಕೆ ತಕ್ಕಂತೆ ಗೊತ್ತು ಮಾಡುವುದು ಒಳ್ಳೆಯದು.

"ಅಲ್ಲಾಹನ ಸೃಷ್ಟಿಯನ್ನು ಬದಲಾಯಿಸಿದಂತೆ ಆಗುವುದಿಲ್ಲವಾ?" ಎಂಬ ಪ್ರಶ್ನೆ ಹಿರಿಯರಿಂದ ಬರುತ್ತದೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ ಎಂಬ ಸಹಾಬಿಗೆ ಚಿನ್ನದ ಮೂಗು ಹಾಕಿಸಿಕೊಳ್ಳಲು ಪ್ರವಾದಿ(ಸ) ಹೇಳಿದ್ದನ್ನು ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳು ವರದಿ ಮಾಡಿವೆ. ಅದರ ಆಧಾರದಲ್ಲಿ, ಬರೀ ಅಲಂಕಾರಕ್ಕಾಗಿ ರೂಪ ಬದಲಿಸುವುದು ಬೇರೆ, ಕುಂದು ಮತ್ತು ತೊಂದರೆ ನಿವಾರಿಸುವುದು ಬೇರೆ ಎಂದು ವಿದ್ವಾಂಸರು ವಿಂಗಡಿಸುತ್ತಾರೆ. ತಮ್ಮ ತೊಂದರೆ ಯಾವ ಬಗೆಯದು ಎಂದು ವೈದ್ಯರಿಂದ ತಿಳಿದು, ಉಸ್ತಾದರ ಮುಂದೆ ಅದನ್ನೇ ಹೇಳಿ ಅಭಿಪ್ರಾಯ ಪಡೆಯಬಹುದು.

ಸಹಿ ಹಾಕುವ ಮೊದಲು

ಒಪ್ಪಿಗೆ ಪತ್ರ ಬರೀ ಒಂದು ಕಾಗದವಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆ ಏನು, ಬೇರೆ ದಾರಿ ಇದೆಯೇ, ಅಪಾಯಗಳೇನು ಎಂಬ ಸಾಕಷ್ಟು ಮಾಹಿತಿ ಕೊಟ್ಟು ಪಡೆದದ್ದೇ ನಿಜವಾದ ಒಪ್ಪಿಗೆ ಎಂದು ಸ್ಪಷ್ಟಪಡಿಸಿದೆ. ಹಾಗಾಗಿ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು:

• ಮೇಲ್ದವಡೆ ಮಾತ್ರವೋ, ಕೆಳದವಡೆಯೂ ಉಂಟೋ?
• ಜೋಮು ಎಲ್ಲೆಲ್ಲಿ ಬರುತ್ತದೆ, ಶಾಶ್ವತವಾಗಿ ಉಳಿಯುವ ಸಾಧ್ಯತೆ ಎಷ್ಟು?
• ಆಪರೇಷನ್ ಮಾಡಿಸದೆ ಕ್ಲಿಪ್‌ನಲ್ಲೇ ಎಷ್ಟು ಸರಿಯಾಗುತ್ತದೆ?
• ಮುಖದ ಸ್ಪರ್ಶವನ್ನು ಆಪರೇಷನ್‌ಗೆ ಮೊದಲೇ ಪರೀಕ್ಷಿಸಿ ದಾಖಲಿಸುತ್ತೀರಾ?
• ಮೂಗು, ತುಟಿ, ಮಾತಿನಲ್ಲಿ ಏನು ಬದಲಾವಣೆ ಆಗಬಹುದು?
• ಊರಿನಿಂದ ಹೊರಗೆ ಹೋಗುವವರಿಗೆ, ವಿಮಾನ ಯಾನಕ್ಕೆ ಎಷ್ಟು ವಾರ ಕಾಯಬೇಕು? ಮರುಪರೀಕ್ಷೆ ಎಷ್ಟು ಸಲ?

ಮೂಗಿನಿಂದ ನಿಲ್ಲದ ರಕ್ತ, ಉಸಿರಾಟದ ಕಷ್ಟ, ದೃಷ್ಟಿಯಲ್ಲಿ ಬದಲಾವಣೆ, ಜ್ವರ, ಕೀವು, ಹಲ್ಲಿನ ಕಚ್ಚುವಿಕೆ ದಿಢೀರ್ ಬದಲಾಗುವುದು ಕಂಡರೆ ಮರುಪರೀಕ್ಷೆಯ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜೋಮು ಮಾತ್ರ ಇದ್ದರೆ ಪ್ರತಿ ಮರುಪರೀಕ್ಷೆಯಲ್ಲೂ ಎಲ್ಲಿ ಕಡಿಮೆಯಾಯಿತು, ಎಲ್ಲಿ ಉಳಿದಿದೆ ಎಂದು ವೈದ್ಯರಿಗೆ ತೋರಿಸುತ್ತಾ ಬರಬೇಕು. ಹದಿನೆಂಟು ತುಂಬಿದವರ ಮಟ್ಟಿಗೆ ಆಪರೇಷನ್ ಬೇಕೋ ಬೇಡವೋ ಎಂಬ ಕೊನೆಯ ತೀರ್ಮಾನ ಅವರದ್ದೇ. ಮನೆಯವರು ಜೊತೆಗೆ ಕೂತು ಕೇಳಿಸಿಕೊಳ್ಳಲಿ, ಉತ್ತರವನ್ನು ಆ ಹುಡುಗನೋ ಹುಡುಗಿಯೋ ಕೊಡಲಿ.